ಅಸೈಕ್ಲೊವಿರ್ ಕೊಟ್ಟರೂ ಹಕ್ಕಿ ಚೇತರಿಸಿಕೊಳ್ಳದಿದ್ದಾಗ: ಹರ್ಪಿಸ್ ಚಿಕಿತ್ಸೆಯಲ್ಲಿ ದೋಷ ಪತ್ತೆ ಮಾಡುವ ಕ್ರಮ

ಹುಬ್ಬಳ್ಳಿ-ಧಾರವಾಡದಲ್ಲಿ ವಿದೇಶಿ ಗಿಳಿಗಳನ್ನು ಸಾಕುವವರು, ಮಾಳಿಗೆಯ ಮೇಲೆ ಪಾರಿವಾಳದ ಗೂಡು ಇಟ್ಟವರು, ಗದಗ ಮತ್ತು ಹಾವೇರಿ ಕಡೆಯ ಹಳ್ಳಿಗಳಲ್ಲಿ ಗಿರಿರಾಜ ಅಥವಾ ಜವಾರಿ ಕೋಳಿ ಸಾಕುವವರು, ಈ ಮೂರೂ ಬಗೆಯ ಜನ ಪಶುವೈದ್ಯರ ಮುಂದೆ ಇಡುವ ದೂರು ಹೆಚ್ಚುಕಡಿಮೆ ಒಂದೇ: ಹರ್ಪಿಸ್ ಎಂಬ ವೈರಸ್ ಕುಟುಂಬದ ರೋಗ ಇರಬಹುದೆಂದು ಮೆಡಿಕಲ್ ಶಾಪಿನಿಂದ ಅಸೈಕ್ಲೊವಿರ್ ಔಷಧಿ ತಂದು ಕೊಟ್ಟೆವು, ಹಕ್ಕಿ ಮಾತ್ರ ಉಳಿಯಲಿಲ್ಲ. ಇದಕ್ಕೆ ಬಹುತೇಕರು ತಾವೇ ಕಂಡುಕೊಳ್ಳುವ ಕಾರಣವೂ ಒಂದೇ, ವೈರಸ್ ಔಷಧಿಗೆ ಬಗ್ಗದಂತಾಗಿದೆ ಎಂಬುದು. ನನ್ನ ಅಭಿಪ್ರಾಯದಲ್ಲಿ ಈ ಕಾರಣವನ್ನು ಪಟ್ಟಿಯ ಕೊನೆಯಲ್ಲಿ ಇಡಬೇಕು. ಅದಕ್ಕೂ ಮೊದಲು ರೋಗ ಯಾವುದು, ಔಷಧಿ ಯಾವಾಗ ಆರಂಭವಾಯಿತು, ಎಷ್ಟು ಹೋಯಿತು, ಯಾವ ದಾರಿಯಲ್ಲಿ ಹೋಯಿತು ಎಂಬ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಂಡರೆ ದೋಷ ಸಾಮಾನ್ಯವಾಗಿ ಅವುಗಳಲ್ಲೇ ಸಿಕ್ಕುತ್ತದೆ. ಈ ಬರಹ ಆ ಪ್ರಶ್ನೆಗಳ ಕ್ರಮವನ್ನೇ ಅನುಸರಿಸುತ್ತದೆ. ಇಲ್ಲಿ ಹೇಳಿರುವ ಪ್ರಮಾಣಗಳು ಚಿಕಿತ್ಸೆ ನೀಡುವ ಪಶುವೈದ್ಯರೊಂದಿಗೆ ಕೂಡಿ ಲೆಕ್ಕ ತಾಳೆ ನೋಡುವುದಕ್ಕಾಗಿ ಇವೆ. ಹಕ್ಕಿಯನ್ನು ತೋರಿಸದೆ ಮನೆಯಲ್ಲೇ ಆರಂಭಿಸುವುದಕ್ಕಲ್ಲ.

ಔಷಧಿ ಕೆಲಸ ಮಾಡುವ ಬಗೆ

ಮುಂದೆ ಹೇಳುವ ದೋಷಗಳೆಲ್ಲ ಔಷಧಿಯ ಕಾರ್ಯವಿಧಾನದಿಂದಲೇ ಹುಟ್ಟುವುದರಿಂದ ಅದನ್ನು ಮೊದಲು ತಿಳಿದಿರಬೇಕು. ಅಸೈಕ್ಲೊವಿರ್ ಡಿಎನ್‌ಎಯ ಒಂದು ಘಟಕವಾದ ಗ್ವಾನೊಸಿನ್ ಅನ್ನು ಹೋಲುವ ಅಣು. ದೇಹದೊಳಗೆ ಹೋದಾಗ ಅದು ನಿಷ್ಕ್ರಿಯವಾಗಿಯೇ ಇರುತ್ತದೆ. ಹರ್ಪಿಸ್ ವೈರಸ್ ಹೊಕ್ಕ ಕೋಶದಲ್ಲಿ ಆ ವೈರಸ್ಸಿನದೇ ಆದ ಥೈಮಿಡಿನ್ ಕೈನೇಸ್ ಎಂಬ ಕಿಣ್ವ ಅದಕ್ಕೆ ಮೊದಲ ಫಾಸ್ಫೇಟನ್ನು ಜೋಡಿಸುತ್ತದೆ, ಉಳಿದ ಎರಡನ್ನು ಕೋಶದ ಸ್ವಂತ ಕಿಣ್ವಗಳು ಜೋಡಿಸುತ್ತವೆ. ಹೀಗೆ ತಯಾರಾದ ಟ್ರೈಫಾಸ್ಫೇಟ್ ವೈರಸ್ಸಿನ ಡಿಎನ್‌ಎ ಪಾಲಿಮರೇಸ್ ಅನ್ನು ತಡೆಯುತ್ತದೆ. ಬೆಳೆಯುತ್ತಿರುವ ಡಿಎನ್‌ಎ ಎಳೆಯೊಳಗೆ ಅದು ಸೇರಿಕೊಂಡರೆ ಎಳೆ ಅಲ್ಲಿಗೇ ನಿಲ್ಲುತ್ತದೆ. ಸೋಂಕಿಲ್ಲದ ಕೋಶದಲ್ಲಿ ಮೊದಲ ಹೆಜ್ಜೆಯೇ ನಡೆಯುವುದಿಲ್ಲವಾದ್ದರಿಂದ ಆರೋಗ್ಯವಂತ ಕೋಶಗಳಿಗೆ ಹಾನಿ ಕಡಿಮೆ. ಇಂತಹ ಔಷಧಿಗಳ ಹಿಂದಿನ ಮೂಲತತ್ವಗಳನ್ನು ರೂಪಿಸಿದ್ದಕ್ಕಾಗಿ ಗರ್ಟ್ರೂಡ್ ಎಲಿಯನ್ ಅವರು 1988ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಇದರಿಂದ ಮೂರು ಸಂಗತಿಗಳು ತಾವಾಗಿಯೇ ಹೊರಡುತ್ತವೆ. ಹರ್ಪಿಸ್ ಅಲ್ಲದ ವೈರಸ್ಸಿನ ಮೇಲೆ ಈ ಔಷಧಿಯಿಂದ ಕೆಲಸ ನಿರೀಕ್ಷಿಸುವಂತಿಲ್ಲ. ಹರ್ಪಿಸ್ ವೈರಸ್ಸೇ ಆಗಿದ್ದರೂ ಅದು ಸಂಖ್ಯೆಯಲ್ಲಿ ಹೆಚ್ಚುತ್ತಿರುವಾಗ ಮಾತ್ರ ಔಷಧಿ ಅದನ್ನು ತಡೆಯಬಲ್ಲದು, ನರದ ಗಂಟುಗಳಲ್ಲೋ ಬಿಳಿ ರಕ್ತಕಣಗಳಲ್ಲೋ ಸುಪ್ತವಾಗಿ ಕುಳಿತಿರುವಾಗ ಅದನ್ನು ಮುಟ್ಟಲಾರದು. ಈಗಾಗಲೇ ಸತ್ತಿರುವ ಯಕೃತ್ತಿನ ಕೋಶಗಳನ್ನಂತೂ ಅದು ಬದುಕಿಸಲಾರದು.

ಇದು ಹರ್ಪಿಸ್ ಹೌದೇ?

ಮೆಡಿಕಲ್ ಶಾಪಿನವರಿಗೆ ಅಸೈಕ್ಲೊವಿರ್ ಎಂದರೆ ಸರ್ಪಸುತ್ತಿಗೂ ಮಕ್ಕಳ ಸೀತಾಳೆ ಸಿಡುಬಿಗೂ ಕೊಡುವ ಮಾತ್ರೆ. ಆ ಎರಡಕ್ಕೂ ಕಾರಣ ಒಂದೇ ಹರ್ಪಿಸ್ ವೈರಸ್ ಆಗಿರುವುದರಿಂದ ಅಲ್ಲಿ ಅದು ಸರಿಯಾದ ಔಷಧಿಯೇ. ಆದರೆ ಕೋಳಿಯ ಜುಟ್ಟು, ಕಣ್ಣಿನ ಅಂಚು, ಕೊಕ್ಕಿನ ಬುಡದಲ್ಲಿ ಗಂಟುಗಂಟಾಗಿ ಏಳುವ ಕೋಳಿ ಸಿಡುಬು ಪಾಕ್ಸ್ ಎಂಬ ಬೇರೆಯೇ ಕುಟುಂಬದ ವೈರಸ್ಸಿನಿಂದ ಬರುತ್ತದೆ. ಸಿಡುಬಿನ ಹೆಸರು ಹೇಳಿ ತಂದ ಅಸೈಕ್ಲೊವಿರ್ ಅಲ್ಲಿ ವ್ಯರ್ಥ. ಕೊಕ್ಕರೆ ರೋಗ ಎಂದು ನಮ್ಮಲ್ಲಿ ಕರೆಯುವ ರಾಣಿಖೇತ್, ಪಾರಿವಾಳಗಳ ಕುತ್ತಿಗೆ ತಿರುಚುವ ಪ್ಯಾರಾಮಿಕ್ಸೊ ಸೋಂಕು, ಹಕ್ಕಿಜ್ವರ, ಇವೆಲ್ಲ ಆರ್‌ಎನ್‌ಎ ವೈರಸ್‌ಗಳಾದ್ದರಿಂದ ಅಲ್ಲಿಯೂ ಅದೇ ಮಾತು. ಇದರ ವಿರುದ್ಧ ದಿಕ್ಕಿನ ತಪ್ಪೂ ಉಂಟು: ಹಕ್ಕಿಜ್ವರದ ಸುದ್ದಿ ಓದಿ ಒಸೆಲ್ಟಮಿವಿರ್ ಅಥವಾ ಅಮಾಂಟಡಿನ್ ತಂದು ಹರ್ಪಿಸ್ ಹಕ್ಕಿಗೆ ಕೊಡುವುದು. ಇನ್‌ಫ್ಲುಯೆಂಜಾ ವೈರಸ್ಸಿನ ಭಾಗಗಳನ್ನು ಗುರಿಯಾಗಿಟ್ಟ ಆ ಔಷಧಿಗಳಿಂದ ಇಲ್ಲಿ ಏನೂ ಪ್ರಯೋಜನವಿಲ್ಲ.

ಗಿಳಿಗಳಲ್ಲಿ ಹರ್ಪಿಸ್ ಎಂದರೆ ಮುಖ್ಯವಾಗಿ ಪಚೆಕೊ ರೋಗ. ಮೈ ಇಳಿಯದೆ, ಎದೆಯ ಮಾಂಸ ತುಂಬಿಕೊಂಡಿರುವ ಹಕ್ಕಿಯೇ ಒಂದೆರಡು ದಿನ ಮಂಕಾಗಿ, ಕೆಲವೊಮ್ಮೆ ಆ ಮಂಕೂ ಕಾಣದೆ, ಸತ್ತುಹೋಗುವುದು ಇದರ ಲಕ್ಷಣ. ಸೋಂಕು ತಗುಲಿದ ಮೇಲೆ ರೋಗ ಕಾಣಲು ಸಾಮಾನ್ಯವಾಗಿ 3ರಿಂದ 14 ದಿನ ಬೇಕು. ಹಿಕ್ಕೆಯ ಬಿಳಿ ಭಾಗ ಹಸಿರು ಅಥವಾ ಹಳದಿಗೆ ತಿರುಗಿದ್ದರೆ ಯಕೃತ್ತು ಕೆಟ್ಟಿದೆ ಎಂದರ್ಥವೇ ಹೊರತು ಪಚೆಕೊ ರೋಗವೇ ಬಂದಿದೆ ಎಂದಲ್ಲ. ಇದೇ ಹಸಿರು ಹಿಕ್ಕೆ ಕ್ಲಮೈಡಿಯ ಸೋಂಕಿನಲ್ಲೂ ಕಾಣುತ್ತದೆ; ಅದು ಬ್ಯಾಕ್ಟೀರಿಯಾ, ಸಾಕುವವರ ಶ್ವಾಸಕೋಶಕ್ಕೂ ಹರಡಬಲ್ಲದು, ಅದಕ್ಕೆ ಬೇಕಿರುವುದು ದೀರ್ಘ ಅವಧಿಯ ಡಾಕ್ಸಿಸೈಕ್ಲಿನ್. ಆದ್ದರಿಂದ ಹಸಿರು ಹಿಕ್ಕೆಯ ಹಕ್ಕಿಯ ಮನೆಯಲ್ಲಿ ಯಾರಿಗಾದರೂ ಒಣಕೆಮ್ಮು, ಜ್ವರ ಇದೆಯೇ ಎಂದು ವೈದ್ಯರು ಕೇಳಿದರೆ ಅದನ್ನು ಉಪಚಾರದ ಮಾತೆಂದು ತಿಳಿಯಬಾರದು. ಪಂಜರದ ತಂತಿಯ ಸತು, ಬಣ್ಣದ ಸೀಸ, ಮರಿಗಳಲ್ಲಿ ಪಾಲಿಯೊಮ ವೈರಸ್, ಅಡುಗೆಮನೆಯಲ್ಲಿ ಅತಿಯಾಗಿ ಕಾದ ನಾನ್‌ಸ್ಟಿಕ್ ತವೆಯ ಹೊಗೆ, ಇವೂ ಹಠಾತ್ ಸಾವಿನ ಕಾರಣಗಳೇ. ತವೆಯ ಹೊಗೆಯಿಂದ ಸಾಯುವ ಹಕ್ಕಿಗಳು ಒಂದೇ ಕೋಣೆಯಲ್ಲಿ, ಒಂದೇ ತಾಸಿನೊಳಗೆ ಸಾಯುತ್ತವೆ. ಯಾವ ವೈರಸ್ಸೂ ಅಷ್ಟು ಅವಸರ ಮಾಡುವುದಿಲ್ಲ.

ಹರ್ಪಿಸ್‌ನತ್ತ ಬೆರಳು ತೋರಿಸುವ ಬಲವಾದ ಸುಳಿವು ಹಕ್ಕಿಯ ಇತಿಹಾಸದಲ್ಲಿ ಇರುತ್ತದೆ. ಕಳೆದ ಕೆಲವು ವಾರಗಳಲ್ಲಿ ಹೊಸ ಹಕ್ಕಿ ಬಂದಿದೆಯೇ, ಪಂಜರ ಸ್ಥಳಾಂತರವಾಗಿದೆಯೇ, ಜೋಡಿ ಕೂಡಿಸಿದ್ದಾರೆಯೇ ಎಂದು ವಿಚಾರಿಸಬೇಕು. ಕೆಲವು ಬಗೆಯ ಕೊನ್ಯೂರ್ ಗಿಳಿಗಳು ತಾವು ಆರೋಗ್ಯವಾಗಿದ್ದುಕೊಂಡೇ ವೈರಸ್ ಚೆಲ್ಲುವ ವಾಹಕಗಳೆಂದು ಹೆಸರಾಗಿವೆ, ಅಮೆಜಾನ್ ಗಿಳಿಗಳಾದರೋ ಅದಕ್ಕೆ ಬಹಳ ಸುಲಭವಾಗಿ ಬಲಿಯಾಗುತ್ತವೆ. ನಮ್ಮ ಹಸಿರು ಗಿಳಿಯನ್ನು ಪಂಜರದಲ್ಲಿ ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾದ್ದರಿಂದ ಈ ಭಾಗದಲ್ಲಿ ಬರುವ ಲೆಕ್ಕಗಳೆಲ್ಲ ವಿದೇಶಿ ಗಿಳಿಗಳಿಗೆ ಸಂಬಂಧಿಸಿದವು.

ಔಷಧಿ ಆರಂಭವಾದ ಸಮಯ

ರೋಗ ಪಚೆಕೊ ಎಂದೇ ಖಚಿತವಾದರೂ, ರೆಕ್ಕೆ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತ ಹಕ್ಕಿಗೆ ಔಷಧಿ ಆರಂಭಿಸಿದರೆ ಫಲ ಅನಿಶ್ಚಿತ. ಅಷ್ಟು ಹೊತ್ತಿಗೆ ಯಕೃತ್ತಿನ ದೊಡ್ಡ ಭಾಗ ಹಾಳಾಗಿರುತ್ತದೆ. ಔಷಧಿಯ ನಿಜವಾದ ಉಪಯೋಗ ಪಕ್ಕದ ಪಂಜರದಲ್ಲಿದೆ: ಸತ್ತ ಹಕ್ಕಿಯ ಜೊತೆ ಗಾಳಿ, ನೀರು, ಕಾಳು ಹಂಚಿಕೊಂಡ, ಇನ್ನೂ ಚೆನ್ನಾಗಿ ತಿಂದುಕೊಂಡು ಕೂಗಾಡುತ್ತಿರುವ ಹಕ್ಕಿಗಳಲ್ಲಿ. ಕ್ವೇಕರ್ ಗಿಳಿಗಳ ಮೇಲೆ ನಡೆದ ಪ್ರಯೋಗದಲ್ಲಿಯೂ ನಳಿಕೆಯ ಮೂಲಕ ನೇರವಾಗಿ ಹೊಟ್ಟೆಗೆ ಕೊಟ್ಟ ಅಸೈಕ್ಲೊವಿರ್ ಸಾವನ್ನು ತಗ್ಗಿಸಿದೆ. ಆದ್ದರಿಂದ ಮೊದಲ ಹಕ್ಕಿ ಸತ್ತ ದಿನವೇ ಉಳಿದವುಗಳ ತೂಕ ತೆಗೆದು ವೈದ್ಯರನ್ನು ಕಾಣುವುದು ಸರಿಯಾದ ದಾರಿ. ಎರಡನೆಯದು ಸಾಯಲಿ, ಆಮೇಲೆ ನೋಡೋಣ ಎನ್ನುವ ಮನೆಗಳಲ್ಲಿ ಮೂರನೆಯದಕ್ಕೆ ಕೊಟ್ಟ ಔಷಧಿ ಕೆಲಸ ಮಾಡಲಿಲ್ಲವೆಂದರೆ ಅದು ಔಷಧಿಯ ದೋಷವಲ್ಲ.

ಪ್ರಮಾಣ, ಸಿರಿಂಜು ಮತ್ತು ಮೇವುಚೀಲ

ಹೆಚ್ಚಿನ ದೋಷಗಳು ಸಿಗುವುದು ಇಲ್ಲಿಯೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು.

ಗಿಳಿಗಳಿಗೆ ಬಾಯಿಯ ಮೂಲಕ ಕೊಡುವ ರೂಢಿಯ ಪ್ರಮಾಣ ಕೆ.ಜಿ. ತೂಕಕ್ಕೆ 80 ಮಿ.ಗ್ರಾಂ., 8 ತಾಸಿಗೊಮ್ಮೆ, 7ರಿಂದ 10 ದಿನ. ಮೊದಲು ಹಕ್ಕಿಯ ತೂಕವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಗ್ರಾಮಿನ ಲೆಕ್ಕದಲ್ಲಿ ತೆಗೆದುಕೊಳ್ಳಬೇಕು; ಅಂದಾಜು ಸಾಲದು. ದ್ರವರೂಪದ ಅಸೈಕ್ಲೊವಿರ್‌ನ ಲೇಬಲ್ಲಿನಲ್ಲಿ 5 ಮಿ.ಲೀ.ಗೆ 400 ಮಿ.ಗ್ರಾಂ. ಎಂದಿದ್ದರೆ 1 ಮಿ.ಲೀ.ಯಲ್ಲಿ 80 ಮಿ.ಗ್ರಾಂ. ಇದೆ. 100 ಗ್ರಾಂ ತೂಗುವ ಕ್ವೇಕರ್ ಗಿಳಿಗೆ ಒಂದು ಸಲಕ್ಕೆ 8 ಮಿ.ಗ್ರಾಂ. ಬೇಕು, ಅಂದರೆ 0.1 ಮಿ.ಲೀ. ಲೆಕ್ಕ ಇಷ್ಟು ಸರಳವಾಗಿದ್ದರೂ ಅಳೆಯುವಾಗ ಎಡವಟ್ಟಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಇನ್ಸುಲಿನ್ ಸಿರಿಂಜು ಎರಡು ಬಗೆಯಲ್ಲಿ ಸಿಗುತ್ತದೆ: 1 ಮಿ.ಲೀ.ಗೆ 40 ಗೆರೆಯದು ಒಂದು, 100 ಗೆರೆಯದು ಇನ್ನೊಂದು. 100ರ ಸಿರಿಂಜಿನಲ್ಲಿ 0.1 ಮಿ.ಲೀ. ಎಂದರೆ 10ನೇ ಗೆರೆ, 40ರ ಸಿರಿಂಜಿನಲ್ಲಿ 4ನೇ ಗೆರೆ. ಫೋನಿನಲ್ಲಿ 10ರವರೆಗೆ ಎಳೆಯಿರಿ ಎಂಬ ಸಲಹೆ ಕೇಳಿದವರ ಕೈಯಲ್ಲಿ 40ರ ಸಿರಿಂಜು ಇದ್ದರೆ ಹಕ್ಕಿಗೆ 0.25 ಮಿ.ಲೀ. ಹೋಗುತ್ತದೆ, ಅಂದರೆ ಎರಡೂವರೆ ಪಟ್ಟು. ಹೇಳಿದವರು 40ರ ಲೆಕ್ಕದಲ್ಲಿ 4 ಎಂದು, ಕೇಳಿದವರ ಬಳಿ 100ರದು ಇದ್ದರೆ ಅರ್ಧಕ್ಕಿಂತಲೂ ಕಡಿಮೆ ಹೋಗುತ್ತದೆ. ಗೆರೆಯ ಬದಲು ಮಿ.ಲೀ. ಗುರುತು ಇರುವ 1 ಮಿ.ಲೀ. ಸಿರಿಂಜನ್ನೇ ಕೇಳಿ ತರುವುದು, ಸೂಜಿಯನ್ನು ತೆಗೆದಿಟ್ಟು ಬಳಸುವುದು ಉತ್ತಮ.

ಬಡ್ಜರಿಗಾರ್ (ಬಜ್ಜಿ) ಎಂಬ ಪುಟ್ಟ ಗಿಳಿಯಂತಹ 35 ಗ್ರಾಂ ಹಕ್ಕಿಗೆ ಬೇಕಾಗುವುದು 2.8 ಮಿ.ಗ್ರಾಂ., ಅಂದರೆ 0.035 ಮಿ.ಲೀ.; ಅದನ್ನು ಕಣ್ಣಳತೆಯಲ್ಲಿ ಎಳೆಯುವುದು ಕಷ್ಟ. 1 ಮಿ.ಲೀ. ಔಷಧಿಗೆ 3 ಮಿ.ಲೀ. ಕಾಯಿಸಿ ಆರಿಸಿದ ನೀರು ಬೆರೆಸಿದರೆ ಮಿ.ಲೀ.ಗೆ 20 ಮಿ.ಗ್ರಾಂ. ಆಗುತ್ತದೆ, ಆಗ 0.14 ಮಿ.ಲೀ. ಎಳೆದರೆ ಸಾಕು. ಈ ಮಿಶ್ರಣವನ್ನು ಆಯಾ ದಿನವೇ ಮಾಡಿ, ಉಳಿದದ್ದನ್ನು ಅಂದೇ ಚೆಲ್ಲಬೇಕು. ಅಸೈಕ್ಲೊವಿರ್ ನೀರಿನಲ್ಲಿ ಬಹಳ ಕಡಿಮೆ ಕರಗುವ ವಸ್ತುವಾದ್ದರಿಂದ ಬಾಟಲಿಯಲ್ಲಿರುವುದು ದ್ರಾವಣವಲ್ಲ, ತೇಲುವ ಪುಡಿ. ಅಲುಗಾಡಿಸದೆ ಎಳೆದರೆ ಮೊದಲ ದಿನಗಳಲ್ಲಿ ತೆಳು ನೀರೂ ಕೊನೆಯ ದಿನಗಳಲ್ಲಿ ಗಟ್ಟಿ ಔಷಧಿಯೂ ಹೋಗುತ್ತದೆ.

ಕುಡಿಯುವ ನೀರಿನಲ್ಲಿ ಬೆರೆಸಿಟ್ಟೆವು ಎನ್ನುವವರ ದೋಷವೂ ಇದೇ ಮೂಲದ್ದು. 120 ಗ್ರಾಂ ಹಕ್ಕಿಗೆ ದಿನಕ್ಕೆ ಮೂರು ಸಲದ ಲೆಕ್ಕದಲ್ಲಿ 28.8 ಮಿ.ಗ್ರಾಂ. ಹೋಗಬೇಕು. ಮಿ.ಲೀ.ಗೆ 1 ಮಿ.ಗ್ರಾಂ. ಬೆರೆಸಿದ ನೀರನ್ನು ಅದು ದಿನವಿಡೀ 12 ಮಿ.ಲೀ. ಕುಡಿದರೂ ಅರ್ಧ ಪ್ರಮಾಣ ಮುಟ್ಟುವುದಿಲ್ಲ, ಕಾಯಿಲೆ ಬಿದ್ದ ಹಕ್ಕಿ ಅಷ್ಟನ್ನೂ ಕುಡಿಯುವುದಿಲ್ಲ, ಪುಡಿ ಬಟ್ಟಲಿನ ತಳ ಸೇರುತ್ತದೆ. ದೊಡ್ಡ ಗುಂಪಿನ ಹಕ್ಕಿಗಳನ್ನು ಒಂದೊಂದಾಗಿ ಹಿಡಿಯಲಾಗದ ಸಂದರ್ಭದಲ್ಲಿ ಇದನ್ನು ಬಳಸುವುದುಂಟು. ಎರಡು ಹಕ್ಕಿ ಇರುವ ಮನೆಯಲ್ಲಿ ಇದಕ್ಕೆ ಸಮರ್ಥನೆ ಇಲ್ಲ.

ಮುಂದಿನ ಪ್ರಶ್ನೆ ಸಮಯದ ಅಂತರ. ಔಷಧಿ ರಕ್ತದಿಂದ ಬೇಗ ಇಳಿದುಹೋಗುವುದರಿಂದಲೇ 8 ತಾಸಿನ ನಿಯಮ ಬಂದಿದೆ. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10 ಎಂದು ಇಟ್ಟುಕೊಂಡರೆ ಆಫೀಸಿಗೆ ಹೋಗುವವರ ಮನೆಯಲ್ಲಿ ಮಧ್ಯಾಹ್ನದ್ದು ತಪ್ಪುತ್ತದೆ, ಹಕ್ಕಿ ಮಲಗಿದೆ ಎಂಬ ಕನಿಕರದಿಂದ ರಾತ್ರಿಯದೂ ತಪ್ಪುತ್ತದೆ. ಎರಡೂ ತಪ್ಪಿದ ಮೇಲೆ ವೈರಸ್ಸಿಗೆ ಇಡೀ ದಿನ ಬಿಡುವು ಸಿಕ್ಕಂತೆ. ಕೊಟ್ಟ ಹೊತ್ತನ್ನು ಒಂದು ಹಾಳೆಯಲ್ಲಿ ಬರೆದು ಪಂಜರಕ್ಕೆ ಕಟ್ಟಿಡಲು ಹೇಳುವುದುಂಟು. ವೈದ್ಯರು ದೋಷ ಹುಡುಕುವಾಗ ಆ ಹಾಳೆಗಿಂತ ಉಪಯುಕ್ತವಾದ ದಾಖಲೆ ಬೇರೆ ಇರುವುದಿಲ್ಲ.

ಪ್ರಮಾಣವೂ ಹೊತ್ತೂ ಸರಿಯಿದ್ದಾಗ ಮೇವುಚೀಲವನ್ನು ಮುಟ್ಟಿ ನೋಡಬೇಕು. ಕತ್ತಿನ ಬುಡದಲ್ಲಿರುವ ಆ ಚೀಲ ಬೆಳಿಗ್ಗೆಯೂ ತುಂಬಿಕೊಂಡು ಹಿಟ್ಟಿನ ಮುದ್ದೆಯಂತೆ ಇದ್ದರೆ ಹಿಂದಿನ ರಾತ್ರಿಯ ಔಷಧಿ ಇನ್ನೂ ಅಲ್ಲಿಯೇ ಕುಳಿತಿದೆ. ಹೀರಿಕೆ ನಡೆಯುವುದು ಕರುಳಿನಲ್ಲಿ. ಇಂತಹ ಹಕ್ಕಿಗೆ ಮೊದಲು ಬಿಸುಪು, ದ್ರವ, ಮೇವುಚೀಲ ಖಾಲಿಯಾಗುವಂತಹ ಉಪಚಾರ ಬೇಕು. ಹಾಗಾದರೆ ಚುಚ್ಚುಮದ್ದು ಹಾಕಬಹುದಲ್ಲ ಎಂಬ ಪ್ರಶ್ನೆ ಸಹಜ. ಅಸೈಕ್ಲೊವಿರ್ ಚುಚ್ಚುಮದ್ದಿನ ದ್ರವದ ಪಿಎಚ್ ಸುಮಾರು 11, ಅಂದರೆ ತೀಕ್ಷ್ಣ ಕ್ಷಾರ. ಅದನ್ನು ಎದೆಯ ಮಾಂಸಖಂಡಕ್ಕೆ ಹಾಕಿದರೆ ಆ ಮಾಂಸವೇ ಸತ್ತುಹೋಗುತ್ತದೆ. ಚೆನ್ನಾಗಿ ತೆಳುಗೊಳಿಸಿ ರಕ್ತನಾಳಕ್ಕೆ ನಿಧಾನವಾಗಿ ಕೊಡುವುದು ಅನುಭವವಿರುವ ವೈದ್ಯರ ಕೆಲಸ. ಚುಚ್ಚಿದ ಜಾಗ ಕಪ್ಪಾಗಿ, ಹಕ್ಕಿ ರೆಕ್ಕೆ ಎತ್ತದೆ ಕುಳಿತಿದ್ದರೆ ರೋಗ ಉಲ್ಬಣಿಸಿತೆಂದು ತಿಳಿಯುವ ಮುನ್ನ ಔಷಧಿಯ ದಾರಿಯನ್ನು ವಿಚಾರಿಸಬೇಕು.

ಇನ್ನೊಂದು ದೋಷ ಬೇಸಿಗೆಯಲ್ಲಿ ಹೆಚ್ಚು. ಈ ಔಷಧಿ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ, ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಹರಳುಗಟ್ಟಬಲ್ಲದು. ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಮಾಳಿಗೆಯ ಕೆಳಗೆ ಕರೆಂಟ್ ಹೋದ ಮಧ್ಯಾಹ್ನ ಬಾಯಿ ತೆರೆದು ಏದುವ ಹಕ್ಕಿಗೆ ನೀರಿನ ವ್ಯವಸ್ಥೆ ಇಲ್ಲದೆ ಪೂರ್ಣ ಪ್ರಮಾಣ ಕೊಡುತ್ತ ಹೋದರೆ ನಾಲ್ಕನೆಯ ದಿನದ ಮಂಕಿಗೆ ವೈರಸ್ಸೇ ಕಾರಣವಾಗಿರಬೇಕೆಂದಿಲ್ಲ. ದಿನಕ್ಕೆ ಕೆ.ಜಿ.ಗೆ ಸುಮಾರು 50 ಮಿ.ಲೀ. ದ್ರವ, ಅಂದರೆ 100 ಗ್ರಾಂ ಹಕ್ಕಿಗೆ 5 ಮಿ.ಲೀ., ಎಂಬುದು ನಿರ್ವಹಣೆಯ ಲೆಕ್ಕ; ಒಣಗಿದ ಹಕ್ಕಿಗೆ ಅದಕ್ಕಿಂತ ಹೆಚ್ಚು ಬೇಕು. ಇದರ ಜೊತೆಗೆ ಚೀಟಿಯಲ್ಲಿ ಡೆಕ್ಸಾಮೆಥಸೋನ್ ಅಥವಾ ಬೇರೆ ಸ್ಟಿರಾಯ್ಡ್ ಇದೆಯೇ ನೋಡಬೇಕು. ಹಕ್ಕಿ ಒಂದು ದಿನ ಚುರುಕಾದಂತೆ ಕಾಣುತ್ತದೆ, ಆದರೆ ರೋಗನಿರೋಧಕ ಶಕ್ತಿ ಕುಗ್ಗಿ ಹರ್ಪಿಸ್ ಮತ್ತಷ್ಟು ಹೆಚ್ಚುತ್ತದೆ. ಒಂದು ಕೈಯಿಂದ ಅಸೈಕ್ಲೊವಿರ್, ಇನ್ನೊಂದು ಕೈಯಿಂದ ಸ್ಟಿರಾಯ್ಡ್ ಕೊಟ್ಟ ಚಿಕಿತ್ಸೆಯನ್ನು ಚಿಕಿತ್ಸೆ ಎಂದು ಲೆಕ್ಕ ಹಿಡಿಯಲು ನನಗೆ ಮನಸ್ಸಿಲ್ಲ.

ಕೋಳಿಗಳಲ್ಲಿ ದೋಷ ಬೇರೆ ಕಡೆ ಇದೆ

ಕೋಳಿಗೆ ಅಂಟುವ ಮುಖ್ಯ ಹರ್ಪಿಸ್ ರೋಗ ಮ್ಯಾರೆಕ್. ಹಂಗೇರಿಯ ಪಶುವೈದ್ಯ ಯೋಜೆಫ್ ಮ್ಯಾರೆಕ್ 1907ರಲ್ಲಿ ವಿವರಿಸಿದ್ದು ಇದನ್ನೇ. ಇಲ್ಲಿ ವೈರಸ್ ಬಿಳಿ ರಕ್ತಕಣಗಳಲ್ಲಿ ಸುಪ್ತವಾಗಿ ಕುಳಿತು ಅವುಗಳನ್ನು ಗಡ್ಡೆಗಳನ್ನಾಗಿ ಮಾಡುತ್ತದೆ. ಪ್ರಯೋಗಾಲಯದ ಕೋಶಗಳಲ್ಲಿ ಅಸೈಕ್ಲೊವಿರ್ ಮ್ಯಾರೆಕ್ ವೈರಸ್ಸಿನ ಹೆಚ್ಚಳವನ್ನು ತಡೆದರೂ, ಗಡ್ಡೆಯಾಗಿ ಬೆಳೆದ ಕೋಶಗಳ ಮೇಲೆ ಅದರ ಪ್ರಭಾವ ಇಲ್ಲ. ಕಾಲು ಚಾಚಿ ಬಿದ್ದ ಕೋಳಿಯಲ್ಲಿ ಇರುವುದು ಅಂತಹ ಕೋಶಗಳೇ. ಮಾಂಸ, ಮೊಟ್ಟೆಗಾಗಿ ಸಾಕುವ ಹಕ್ಕಿಗೆ ಮನುಷ್ಯರ ವೈರಸ್ ಔಷಧಿ ಕೊಡುವುದೂ ಸಲ್ಲದು. ಆದ್ದರಿಂದ ಕೋಳಿಯ ದೂರಿನಲ್ಲಿ ಹುಡುಕಬೇಕಾದದ್ದು ರೋಗನಿದಾನದ ಮತ್ತು ಲಸಿಕೆಯ ದೋಷವನ್ನು.

ನಿದಾನಕ್ಕೆ ಸತ್ತ ಅಥವಾ ಕೊನೆಯ ಹಂತದ ಒಂದು ಹಕ್ಕಿ ಸಾಕು. ಆದರೆ ಒಂದೆರಡು ದಿನಗಳಲ್ಲಿ ಹಲವು ಕೋಳಿಗಳು ಸತ್ತಿದ್ದರೆ, ಜುಟ್ಟು ನೀಲಿಗಟ್ಟಿ ಮುಖ ಊದಿದ್ದರೆ ಯಾವ ಹಕ್ಕಿಯನ್ನೂ ಕೊಯ್ಯದೆ ಹತ್ತಿರದ ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962 ಸಂಖ್ಯೆಗೆ ತಿಳಿಸಬೇಕು. ಹಕ್ಕಿಜ್ವರದ ಶಂಕೆಯ ಮಾದರಿಗಳು ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋಗುತ್ತವೆ. ಅಂತಹ ಶಂಕೆ ಇಲ್ಲದಾಗ ವೈದ್ಯರು ಹಕ್ಕಿಯನ್ನು ಅಂಗಾತ ಮಲಗಿಸಿ, ತೊಡೆಯ ಒಳಬದಿಯ ಚರ್ಮ ಬಿಡಿಸಿ, ಒಳತೊಡೆಯ ಮಾಂಸಖಂಡವನ್ನು ಸರಿಸಿದರೆ ಕಾಲಿಗೆ ಹೋಗುವ ಸಯಾಟಿಕ್ ನರ ಕಣ್ಣಿಗೆ ಬೀಳುತ್ತದೆ. ಆರೋಗ್ಯವಂತ ನರ ಬಿಳಿಯಾಗಿ ಹೊಳೆಯುತ್ತದೆ, ಬೆಳಕಿಗೆ ಹಿಡಿದರೆ ಅದರ ಮೇಲೆ ಸಣ್ಣ ಅಡ್ಡಗೆರೆಗಳು ಕಾಣುತ್ತವೆ. ಮ್ಯಾರೆಕ್‌ನಲ್ಲಿ ಸಾಮಾನ್ಯವಾಗಿ ಒಂದು ಬದಿಯ ನರ ಇನ್ನೊಂದಕ್ಕಿಂತ ಎರಡು-ಮೂರು ಪಟ್ಟು ದಪ್ಪವಾಗಿ, ಬೂದು ಅಥವಾ ಹಳದಿ ಬಣ್ಣಕ್ಕೆ ತಿರುಗಿ, ಆ ಅಡ್ಡಗೆರೆಗಳು ಅಳಿಸಿಹೋಗಿರುತ್ತವೆ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿದ ಭಂಗಿಗೆ ಕಾರಣ ಈ ಒಂದು ಬದಿಯ ಹಾನಿಯೇ. ಎರಡೂ ಬದಿಯ ನರ ಸಮನಾಗಿ ಊದಿದ್ದು, ಹಕ್ಕಿ 2ರಿಂದ 4 ವಾರದ ಮರಿಯಾಗಿದ್ದು, ಕಾಲ್ಬೆರಳುಗಳು ಒಳಕ್ಕೆ ಮಡಚಿದ್ದರೆ ಅದು ಬಿ2 ಜೀವಸತ್ವದ ಕೊರತೆ. ಬೇಗ ಕೊಟ್ಟರೆ ಮರಿ ಎದ್ದು ನಡೆಯುತ್ತದೆ. ನರ ಸರಿಯಾಗಿದ್ದು, ನಾಲ್ಕು ತಿಂಗಳು ದಾಟಿದ ಕೋಳಿಯಲ್ಲಿ ಯಕೃತ್ತು ಮತ್ತು ಗುದದ ಮೇಲಿನ ಬರ್ಸ ಗ್ರಂಥಿಯಲ್ಲಿ ಗಡ್ಡೆಗಳಿದ್ದರೆ ಲಿಂಫಾಯ್ಡ್ ಲ್ಯೂಕೋಸಿಸ್‌ನ ಶಂಕೆ, ಅದು ಇನ್ನೊಂದು ಬಗೆಯ ವೈರಸ್.

ಲಸಿಕೆ ಹಾಕಿಸಿದ ಮರಿಗಳನ್ನೇ ತಂದೆವು, ಆದರೂ ಮ್ಯಾರೆಕ್ ಬಂತು ಎಂಬುದು ಎರಡನೆಯ ಹಂತದ ದೂರು. ಈ ಲಸಿಕೆಯನ್ನು ಮೊಟ್ಟೆಯೊಡೆದ ದಿನವೇ ಕುತ್ತಿಗೆಯ ಚರ್ಮದಡಿ ಹಾಕಬೇಕು. ಜೀವಂತ ಕೋಶಗಳಲ್ಲಿ ಇರುವ ಬಗೆಯ ಲಸಿಕೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇರಬೇಕು, ಉಗುರು ಬೆಚ್ಚಗಿನ ನೀರಿನಲ್ಲಿ ಬೇಗ ಕರಗಿಸಿ, ತನ್ನದೇ ದ್ರಾವಕದಲ್ಲಿ ಬೆರೆಸಿ, ಸುಮಾರು ಒಂದು ತಾಸಿನೊಳಗೆ ಮುಗಿಸಬೇಕು. ಟರ್ಕಿ ಕೋಳಿಯ ಹರ್ಪಿಸ್ ವೈರಸ್ಸಿನಿಂದ ಮಾಡಿದ ಒಣಪುಡಿ ಲಸಿಕೆ ಫ್ರಿಜ್ಜಿನ 2ರಿಂದ 8 ಡಿಗ್ರಿಯಲ್ಲಿ ಇದ್ದರೆ ಸಾಕು. ಬೆರೆಸಿದ ಬಾಟಲಿ ಮಧ್ಯಾಹ್ನದವರೆಗೆ ಮೇಜಿನ ಮೇಲೆ ಉಳಿದಿದ್ದರೆ, ಸಿರಿಂಜನ್ನು ಸ್ಪಿರಿಟ್‌ನಲ್ಲಿ ತೊಳೆದಿದ್ದರೆ ಮರಿಗೆ ಹೋಗಿದ್ದು ಸತ್ತ ಲಸಿಕೆ. ಇವೆಲ್ಲ ಮರಿ ಮಾಡುವವರ ಕಡೆಯ ದೋಷಗಳು. ಸಾಕುವವರ ಕಡೆಯ ದೋಷ ಇನ್ನೂ ಸಾಮಾನ್ಯ: ಲಸಿಕೆಯ ರಕ್ಷಣೆ ಮೂಡಲು ಒಂದೆರಡು ವಾರ ಬೇಕು, ಆದರೆ ಸಂತೆಯಿಂದ ಬುಟ್ಟಿಯಲ್ಲಿ ತಂದ ಮರಿಗಳನ್ನು ಹಳೆಯ ಕೋಳಿಗಳ ಹೊಟ್ಟು ಬದಲಿಸದ ಶೆಡ್ಡಿಗೇ ಅಂದೇ ಬಿಡಲಾಗುತ್ತದೆ. ಮ್ಯಾರೆಕ್ ವೈರಸ್ ಗರಿಯ ಬುಡದ ಕೋಶಗಳಲ್ಲಿ ಪಕ್ವವಾಗಿ ಹೊಟ್ಟಿನ ಧೂಳಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಲಸಿಕೆ ಗಡ್ಡೆಯನ್ನು ತಡೆಯುತ್ತದೆ, ಸೋಂಕನ್ನು ಪೂರ್ತಿ ತಡೆಯುವುದಿಲ್ಲ; ಲಸಿಕೆ ಪಡೆದ ಕೋಳಿಯೂ ವೈರಸ್ ಚೆಲ್ಲಬಲ್ಲದು. ಜವಾರಿ ಕೋಳಿಯ ಕಾವಿನಲ್ಲಿ ಮನೆಯಲ್ಲೇ ಹುಟ್ಟಿದ ಮರಿಗಳಿಗೆ ಯಾರೂ ಲಸಿಕೆ ಹಾಕಿರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕತ್ತು ಚಾಚಿ ಏದುತ್ತ, ಕೆಮ್ಮಿನೊಂದಿಗೆ ರಕ್ತದ ಗಡ್ಡೆಯನ್ನು ಗೋಡೆಗೆ ಸಿಡಿಸುವ ಕೋಳಿಯದು ಇನ್ನೊಂದು ಹರ್ಪಿಸ್ ರೋಗ, ಶ್ವಾಸನಾಳದ ಐಎಲ್‌ಟಿ (ಇನ್ಫೆಕ್ಷಿಯಸ್ ಲಾರಿಂಗೊಟ್ರೇಕಿಯೈಟಿಸ್). ಅದಕ್ಕೂ ಔಷಧಿಯ ದಾರಿ ಇಲ್ಲ. ಬದುಕಿ ಉಳಿದ ಕೋಳಿ ವಾಹಕವಾಗಿರುವುದರಿಂದ ಅದರ ಜೊತೆ ಹೊಸ ಮರಿ ಸೇರಿಸಬಾರದು.

ಪಾರಿವಾಳ, ಗೂಬೆ, ಬಾತುಕೋಳಿ

ಪಾರಿವಾಳದ ಬಾಯೊಳಗಿನ ಹಳದಿ ಪೊರೆಯನ್ನು ನೋಡಿದ ಕೂಡಲೇ ಹರ್ಪಿಸ್ ಎನ್ನುವುದು ತಪ್ಪಾಗುತ್ತದೆ. ಕ್ಯಾಂಕರ್ ಎಂಬ ಟ್ರೈಕೊಮೊನಾಸ್ ಸೋಂಕಿನಲ್ಲೂ ಇದೇ ಪೊರೆ ಬರುತ್ತದೆ. ಬಾಯಿಯ ಲೋಳೆಯನ್ನು ಒಂದು ಹನಿ ಬೆಚ್ಚಗಿನ ಸಲೈನ್‌ನಲ್ಲಿ ಬೆರೆಸಿ ಆಗಲೇ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಓಡಾಡುವ ಜೀವಿಗಳು ಕಾಣುತ್ತವೆ, ತಣ್ಣಗಾದ ಹನಿಯಲ್ಲಿ ಕಾಣುವುದಿಲ್ಲ. ಹರ್ಪಿಸ್ ಮುಖ್ಯವಾಗಿ ಎಳೆಯ ಪಾರಿವಾಳಗಳನ್ನು ಕಾಡುತ್ತದೆ, ದೊಡ್ಡವು ವಾಹಕಗಳಾಗಿ ಉಳಿಯುತ್ತವೆ. ಗಾಯಗೊಂಡ ಗೂಬೆ, ಗಿಡುಗಗಳನ್ನು ರಕ್ಷಿಸಿ ಸಾಕುವವರು ಅವುಗಳಿಗೆ ಪಾರಿವಾಳದ ಮಾಂಸ ಕೊಡಬಾರದು, ಏಕೆಂದರೆ ಪಾರಿವಾಳಕ್ಕೆ ನೆಗಡಿಯಷ್ಟೇ ತರುವ ಅದೇ ವೈರಸ್ ಅವುಗಳ ಯಕೃತ್ತನ್ನು ಕೆಲವೇ ದಿನಗಳಲ್ಲಿ ಮುಗಿಸುತ್ತದೆ.

ಬಾತುಕೋಳಿ ಸಾಕಿದವರು ಡಕ್ ಪ್ಲೇಗ್ ಎಂಬ ಹರ್ಪಿಸ್ ರೋಗವನ್ನು ನೆನಪಿಡಬೇಕು. ಬಾತು, ಹೆಬ್ಬಾತುಗಳ ಇಡೀ ಕುಟುಂಬಕ್ಕೆ ಅದು ತಗುಲುತ್ತದೆ, ಕೆರೆಯ ನೀರಿನ ಮೂಲಕ ಹರಡುತ್ತದೆ. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವ ಗದಗ ಜಿಲ್ಲೆಯ ಮಾಗಡಿ ಕೆರೆಯಂತಹ ಕಡೆ ಸಾಕಿದ ಬಾತುಗಳನ್ನು ಕೆರೆಗೆ ಬಿಡದಿರುವುದು ಎರಡೂ ಕಡೆಗೆ ಒಳ್ಳೆಯದು. ಇಲ್ಲಿಯೂ ಉಪಾಯ ಲಸಿಕೆಯೇ.

ಗುಣವಾಗಿ ಮತ್ತೆ ಮರುಕಳಿಸಿದಾಗ

ಹತ್ತು ದಿನದ ಚಿಕಿತ್ಸೆಯಿಂದ ಚೇತರಿಸಿಕೊಂಡ ಗಿಳಿ ಕೆಲವು ತಿಂಗಳ ನಂತರ ಹೊಸ ಹಕ್ಕಿಗೆ ಸೋಂಕು ಕೊಟ್ಟರೆ ಅಥವಾ ತಾನೇ ಮತ್ತೆ ಬಿದ್ದರೆ ಮೊದಲಿನ ಔಷಧಿ ವಿಫಲವಾಯಿತೆಂದು ಹೇಳಲಾಗದು. ಸುಪ್ತ ವೈರಸ್ಸನ್ನು ತೆಗೆದುಹಾಕುವ ಔಷಧಿ ಇನ್ನೂ ಇಲ್ಲ. ಅಸೈಕ್ಲೊವಿರ್ ಆಗಲಿ, ದೇಹದಲ್ಲಿ ಅಸೈಕ್ಲೊವಿರ್ ಆಗಿಯೇ ಬದಲಾಗುವ ವ್ಯಾಲಸೈಕ್ಲೊವಿರ್ ಆಗಲಿ, ಪೆನ್ಸಿಕ್ಲೊವಿರ್ ಆಗಿ ಬದಲಾಗುವ ಫ್ಯಾಮ್‌ಸೈಕ್ಲೊವಿರ್ ಆಗಲಿ ಆ ಕೆಲಸ ಮಾಡಲಾರವು. ಪ್ರಯಾಣ, ಮೊಟ್ಟೆಯ ಕಾಲ, ಗರಿ ಉದುರುವ ಕಾಲ, ಮನೆಯ ಬಣ್ಣ-ಸುಣ್ಣದ ಗದ್ದಲ ಇಂತಹ ಒತ್ತಡದಲ್ಲಿ ವೈರಸ್ ಮತ್ತೆ ಚೆಲ್ಲುತ್ತದೆ. ಅಂತಹ ಹಕ್ಕಿಯನ್ನು ಮಾರದೆ, ಬೇರೆಯವರಿಗೆ ಕೊಡದೆ, ಹೊಸ ಜೋಡಿ ಕೂಡಿಸದೆ ಒಂದೇ ಮನೆಯಲ್ಲಿ ಉಳಿಸಿಕೊಳ್ಳಬೇಕೆಂಬುದು ಸಾಕುವವರಿಗೆ ಒಪ್ಪಿಸಲು ಕಷ್ಟವಾದ ಸಲಹೆ, ಹಕ್ಕಿಯ ಬೆಲೆ ಹೆಚ್ಚಿದ್ದಷ್ಟೂ ಇನ್ನೂ ಕಷ್ಟ.

ಮಾದರಿ ಕಳಿಸುವಾಗ

ಇಷ್ಟೆಲ್ಲ ನೋಡಿದರೂ ದೋಷ ಸಿಗದಿದ್ದರೆ ಪ್ರಯೋಗಾಲಯದ ಪಿಸಿಆರ್ ಪರೀಕ್ಷೆ ಬೇಕು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಸ್ಥಳೀಯ ಪಶುವೈದ್ಯರ ಮೂಲಕ ಮಾದರಿ ಕಳಿಸಬಹುದು. ಗದಗಿನಲ್ಲಿಯೂ ಪಶುವೈದ್ಯಕೀಯ ಕಾಲೇಜು ಇರುವುದರಿಂದ ಅಲ್ಲಿನ ತಜ್ಞರ ಸಲಹೆ ಹತ್ತಿರದಲ್ಲೇ ಸಿಗುತ್ತದೆ. ಬದುಕಿರುವ ಗಿಳಿಯಲ್ಲಿ ಬಾಯಿಯ ಮೇಲ್ಭಾಗದ ಸೀಳಿನಿಂದ ಮತ್ತು ಗುದದ್ವಾರದಿಂದ ಪಾಲಿಯೆಸ್ಟರ್ ತುದಿಯ, ಪ್ಲಾಸ್ಟಿಕ್ ಕಡ್ಡಿಯ ಸ್ವ್ಯಾಬ್ ತೆಗೆಯಬೇಕು. ಕ್ಯಾಲ್ಸಿಯಂ ಆಲ್ಜಿನೇಟ್ ತುದಿ ಅಥವಾ ಮರದ ಕಡ್ಡಿಯದು ಪರೀಕ್ಷೆಗೆ ಅಡ್ಡಿಯಾಗುತ್ತದೆ. ರಕ್ತವನ್ನು ಇಡಿಟಿಎ ನಳಿಕೆಯಲ್ಲಿ ಕೊಡಬೇಕು, ಹೆಪಾರಿನ್ ಇರುವುದರಲ್ಲಿ ಅಲ್ಲ. ಸತ್ತ ಹಕ್ಕಿಯ ಯಕೃತ್ತಿನ ಒಂದು ತುಣುಕನ್ನು ಹತ್ತು ಪಟ್ಟು ಫಾರ್ಮಲಿನ್‌ನಲ್ಲಿ, ಇನ್ನೊಂದನ್ನು ಏನೂ ಹಾಕದೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಜೆಲ್ ನಡುವೆ ಇಟ್ಟು ಹುಬ್ಬಳ್ಳಿಯಿಂದ ರಾತ್ರಿ ಬಿಡುವ ವಾಹನಕ್ಕೆ ಕೊಟ್ಟರೆ ಬೆಳಿಗ್ಗೆ ತಲುಪುತ್ತದೆ. ಎರಡನ್ನೂ ಫಾರ್ಮಲಿನ್‌ನಲ್ಲೇ ಮುಳುಗಿಸಿದರೆ ವೈರಸ್ಸನ್ನು ಬೆಳೆಸುವ ದಾರಿ ಮುಚ್ಚಿಹೋಗುತ್ತದೆ. ಕೋಳಿಯದಾದರೆ ಎಳೆಯ ಗರಿಗಳ ಬುಡವನ್ನೂ ಕಳಿಸಬೇಕು, ಲಸಿಕೆ ಹಾಕಿದ್ದರೆ ಆ ವಿಷಯವನ್ನು ಚೀಟಿಯಲ್ಲಿ ಬರೆಯಬೇಕು. ಇಲ್ಲದಿದ್ದರೆ ಲಸಿಕೆಯ ವೈರಸ್ಸನ್ನೇ ರೋಗದ ವೈರಸ್ ಎಂದು ಓದುವ ಸಾಧ್ಯತೆ ಇರುತ್ತದೆ.

ಕೊನೆಗೆ ಔಷಧಿ ನಿರೋಧ

ರೋಗ ಖಚಿತವಾಗಿ, ಔಷಧಿ ಬೇಗ ಆರಂಭವಾಗಿ, ತೂಕ, ಅಳತೆ, ಹೊತ್ತು, ದ್ರವ ಎಲ್ಲವೂ ಹಾಳೆಯಲ್ಲಿ ಸರಿಯಾಗಿ ಇದ್ದು, ಐದಾರು ದಿನದ ನಂತರವೂ ಒಡನಾಡಿ ಹಕ್ಕಿಗಳು ಬೀಳುತ್ತಲೇ ಇದ್ದರೆ ಆಗ ನಿರೋಧದ ಮಾತು ಎತ್ತಬಹುದು. ಮನುಷ್ಯರ ಹರ್ಪಿಸ್‌ನಲ್ಲಿ ಇದು ಹೆಚ್ಚಾಗಿ ಥೈಮಿಡಿನ್ ಕೈನೇಸ್ ಕಿಣ್ವವನ್ನೇ ಕಳೆದುಕೊಂಡ ವೈರಸ್‌ಗಳಲ್ಲಿ ಕಂಡುಬರುತ್ತದೆ: ಮೊದಲ ಫಾಸ್ಫೇಟ್ ಜೋಡಿಸುವವರೇ ಇಲ್ಲವಾದ್ದರಿಂದ ಅಸೈಕ್ಲೊವಿರ್ ಎಚ್ಚರಗೊಳ್ಳುವುದಿಲ್ಲ. ಅಂತಹ ವೈರಸ್ಸಿನ ಮುಂದೆ ವ್ಯಾಲಸೈಕ್ಲೊವಿರ್‌ಗೆ ಬದಲಾಯಿಸುವುದರಿಂದ ಪ್ರಯೋಜನವಿಲ್ಲ, ಫ್ಯಾಮ್‌ಸೈಕ್ಲೊವಿರ್‌ಗೂ ಅದೇ ಕಿಣ್ವ ಬೇಕು. ಆ ಕಿಣ್ವದ ಹಂಗಿಲ್ಲದೆ ಪಾಲಿಮರೇಸ್ ಮೇಲೆ ನೇರವಾಗಿ ಕೆಲಸ ಮಾಡುವ ಫೊಸ್ಕಾರ್ನೆಟ್ ಇದೆಯಾದರೂ ಅದನ್ನು ರಕ್ತನಾಳದ ಮೂಲಕ ಕೊಡಬೇಕು, ಮೂತ್ರಪಿಂಡಕ್ಕೆ ಅದು ಅಸೈಕ್ಲೊವಿರ್‌ಗಿಂತ ಹೆಚ್ಚು ಹಾನಿಕರ. 100 ಗ್ರಾಂ ಹಕ್ಕಿಗೆ ಅದನ್ನು ಯಾರೂ ಹಗುರವಾಗಿ ಬರೆಯಲಾರರು. ಈ ಹಂತಕ್ಕೆ ಬಂದಾಗ ಔಷಧಿ ಬದಲಿಸುವುದಕ್ಕಿಂತ ಮೊದಲು ಫಾರ್ಮಲಿನ್ ತಾಗದ ತಾಜಾ ಯಕೃತ್ತಿನ ಮಾದರಿಯನ್ನು ಕಳಿಸಿ, ವೈರಸ್ ಬೆಳೆಸಿ ಪರೀಕ್ಷಿಸಲು ಸಾಧ್ಯವೇ ಎಂದು ಪ್ರಯೋಗಾಲಯವನ್ನು ಲಿಖಿತವಾಗಿ ಕೇಳಬೇಕು. ಉತ್ತರ ಬರುವವರೆಗೆ ಉಳಿದ ಹಕ್ಕಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಇಟ್ಟು, ಬಟ್ಟಲುಗಳನ್ನು ಸೋಪಿನಲ್ಲಿ ತೊಳೆದ ನಂತರ ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿ, ಮೊದಲು ಆರೋಗ್ಯವಂತ ಹಕ್ಕಿಯ, ಆಮೇಲೆ ಕಾಯಿಲೆಯ ಹಕ್ಕಿಯ ಪಂಜರಕ್ಕೆ ಕೈ ಹಾಕುವ ಕ್ರಮವನ್ನು ಮನೆಯವರೆಲ್ಲರೂ ಪಾಲಿಸಬೇಕು.